ಜಗ್ಗಬ್ಯಾಡ ಮಮ್ಮಿ, ಹಿಡಕೋ

ಮಕ್ಕಳ ಮನಸ್ಸು ಸರಿಯಿಲ್ಲದಾಗ ತಾಯಂದಿರಿಗೆ ಗೊತ್ತಿರುವ ಔಷಧ ಒಂದೇ: ಬಾಗಿಲು ತಟ್ಟುವುದು. ಆ ಕೆಲಸದಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಮಗಳು ಮೇಘಾ ಇಂಜಿನಿಯರಿಂಗಿನ ಎರಡನೆಯ ವರ್ಷ ಒಂದು ವಿಷಯದಲ್ಲಿ ನಪಾಸಾದದ್ದೇ ಕೋಣೆ ಸೇರಿಬಿಟ್ಟಳು. ಕಾಲೇಜಿಗೆ ಹೋಗುವಳು, ಬರುವಳು, ಬಾಗಿಲು ಹಾಕಿಕೊಳ್ಳುವಳು. ತಟ್ಟೆಯಲ್ಲಿ ರೊಟ್ಟಿಯ ಅಂಚು ಮಾತ್ರ ಮುರಿದಿರುತ್ತಿತ್ತು. ನಾನು ತಟ್ಟುತ್ತಿದ್ದೆ. ಬಾದಾಮಿ ಹಾಲಿಗೊಮ್ಮೆ, ಹೆಚ್ಚಿದ ಪೇರಲಹಣ್ಣಿಗೊಮ್ಮೆ, ಒಗೆದ ಬಟ್ಟೆ ಕೊಡುವ ನೆಪಕ್ಕೊಮ್ಮೆ, ಅದೇ ಬಟ್ಟೆಯನ್ನು ಇಸ್ತ್ರಿಗೆಂದು ಮರಳಿ ಕೇಳುವ ನೆಪಕ್ಕೊಮ್ಮೆ. ಒಳಗಿನಿಂದ ಬರುತ್ತಿದ್ದ ಉತ್ತರ ಮಾತ್ರ ಬದಲಾಗಲಿಲ್ಲ: "ಏನಿಲ್ಲ ಮಮ್ಮಿ."

ಕೊನೆಗೆ ಕಾಲೇಜಿನ ಆಪ್ತಸಮಾಲೋಚಕಿ ಅವಳನ್ನು ವಾರವಾರವೂ ಕೂಡಿಸಿಕೊಂಡು ಮಾತಾಡಿದರು; ಜೊತೆಗೆ, ಅಂತರಕಾಲೇಜು ಸ್ಪರ್ಧೆಗೆ ತಯಾರಾಗುತ್ತಿದ್ದ ಜೋಡಿ ನೃತ್ಯದ ತಂಡಕ್ಕೂ ಸೇರಿಕೋ ಎಂದು ಹುರಿದುಂಬಿಸಿದರು. ಕೈ ಹಿಡಿದು ಸುತ್ತು ತಿರುಗುವ, ವಾಲ್ಟ್ಸ್ ಎಂಬ ಪಾಶ್ಚಾತ್ಯ ನೃತ್ಯವಂತೆ. ಜೋಡಿ, ಖಾನಾಪುರದಿಂದ ನಮ್ಮ ಬೆಳಗಾವಿಗೆ ಬಸ್ಸಿನಲ್ಲಿ ಬಂದು ಹೋಗುವ ಸಹಪಾಠಿ ಓಂಕಾರ. "ಒಬ್ಬಾಕೀನ ಕುಣದ್ರ ನಡಿಯೂದಿಲ್ಲೇನ? ಜೋಡಿ ಯಾಕ ಬೇಕವಾ?" ಎಂದರು ನಮ್ಮ ಅತ್ತೆ. ನಾನು ತಿಳಿದವಳಂತೆ ನಕ್ಕೆ. ಒಳಗೊಳಗೆ ನನ್ನದೂ ಅದೇ ಪ್ರಶ್ನೆ.

ಒಂದು ದಿನ ಆ ಹುಡುಗ ಮನೆಗೇ ಬಂದ. ಮನೆಮಾತು ಮರಾಠಿಯಾದರೂ ನಮ್ಮೊಡನೆ ಅಚ್ಚುಕಟ್ಟಾದ ಕನ್ನಡ. ಚಪ್ಪಲಿಗಳನ್ನು ಗೋಡೆಗೆ ಹೊಂದಿಸಿ ಬಿಟ್ಟದ್ದನ್ನು ನಾನು ಗಮನಿಸಿದೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಬಿಡುವುದಿಲ್ಲ. ಅವಲಕ್ಕಿ ಕೊಡುತ್ತ, "ಸ್ಟೇಜಿನ ಮ್ಯಾಲೆ ಹೆದರಿಕಿ ಆಗೂದಿಲ್ಲೇನಪಾ?" ಎಂದೆ.

"ಆಗತೈತ್ರಿ ಕಾಕೂ. ನನ್ನ ಕೈ ನಡಗತಾವ. ಆದ್ರ ಮೇಘಾನ ಕೈನೂ ನಡಗತಾವ. ಒಮ್ಮೆ ಹಿಡಕೊಂಡ್ವಿ ಅಂದ್ರ ಯಾರ ಕೈ ನಡಗಾಕತ್ತಾವ ಅಂತ ಇಬ್ಬರಿಗೂ ಗೊತ್ತಾಗೂದಿಲ್ಲ."

ಅತ್ತೆ ಅವನ ತಟ್ಟೆಗೆ ಇನ್ನೊಂದಿಷ್ಟು ಅವಲಕ್ಕಿ ಸುರಿದರು. ಅವರ ಮಂಜೂರಾತಿ ಇರುವುದೇ ಹಾಗೆ.

ಸ್ಪರ್ಧೆ ಹತ್ತಿರ ಬಂತು ಎನ್ನುವಾಗ ಖಾನಾಪುರದಲ್ಲಿ ಓಂಕಾರನ ಅಕ್ಕನ ಮದುವೆ. ಹುಡುಗ ಅರಿಸಿನ, ಚಪ್ಪರ, ಬೀಗರ ಸೇವೆಯಲ್ಲಿ ಮುಳುಗಿದ. ಮೇಘಾ ಮತ್ತೆ ತನ್ನ ಕೋಣೆಯ ಬಾಗಿಲ ಕಡೆ ನೋಡತೊಡಗಿದಳು. ಆಗ ನನ್ನ ಕಾನ್ವೆಂಟ್ ವಿದ್ಯೆ ಕೈಹಿಡಿಯಿತು. ನಮ್ಮ ಶಾಲೆಯಲ್ಲಿ ಹುಡುಗರಿರಲಿಲ್ಲ. ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಎತ್ತರದ ಹುಡುಗಿಯರಿಗೆ ಕಾಡಿಗೆಯ ಮೀಸೆ ಬರೆದು ಜೋಡಿ ಕುಣಿತದ ಗಂಡಸಿನ ಹೆಜ್ಜೆ ಕಲಿಸುತ್ತಿದ್ದರು. ನಾನು ಪ್ರತಿವರ್ಷ ಮೀಸೆಯ ಕಡೆಯವಳು. "ನಾ ಬರತೇನಿ ನಡಿ" ಎಂದು ಸೆರಗು ಸಿಕ್ಕಿಸಿ ಸೋಫಾ ಸರಿಸಿದೆ. ಶುರುವಾದ ಸ್ವಲ್ಪ ಹೊತ್ತಿಗೇ ಮಗಳು ನಿಂತಳು.

"ಜಗ್ಗಬ್ಯಾಡ ಮಮ್ಮಿ, ಹಿಡಕೋ. ಅಂಗೈಲೆ ಸುಳಿವು ಕೊಡಬೇಕು, ಆಮ್ಯಾಲ ಕಾಯಕೋಂತ ತಡೀಬೇಕು. ನಾ ಬರತೇನಿ."

"ಬರಲಿಲ್ಲಂದ್ರ?"

"ಬರೂತನಕಾ ತಡೀಬೇಕು."

ದಿವಾನದ ಮೇಲಿಂದ ಅತ್ತೆ, "ಅದೊಂದು ಬಿಟ್ಟು ಉಳಿದದ್ದೆಲ್ಲಾ ಬರತೈತಿ ನಿಮ್ಮ ಮಮ್ಮೀಗೆ" ಎಂದರು. ಮೇಘಾ ನಕ್ಕುಬಿಟ್ಟಳು. ಆ ನಗುವನ್ನು ನಮ್ಮ ಮನೆ ಕೇಳಿ ಬಹಳ ದಿನವಾಗಿತ್ತು. ನನ್ನ ಕಾಲು ಅವಳ ಕಾಲ ಮೇಲೆಯೇ ಇತ್ತು, ತೆಗೆಯಲು ಮರೆತೆ.

ಸ್ಪರ್ಧೆಯ ದಿನ ಓಂಕಾರ ಉಗುರಿಗೆ ಹತ್ತಿದ ಅರಿಸಿನದೊಂದಿಗೇ ಬಂದ. ಇಬ್ಬರೂ ಎಷ್ಟು ಚೆಂದ ತಿರುಗಿದರೆಂದರೆ, ಬೆನ್ನು ನೆಟ್ಟಗೆ, ಕಣ್ಣು ನೆಲಕ್ಕಿಲ್ಲ, ಇದೇ ಹುಡುಗಿಯೇನು ತಲೆ ಬಾಚಿಕೊಳ್ಳದೆ ಕೂತಿದ್ದವಳು ಎನಿಸಿತು. ಅರ್ಧಕ್ಕೆ ಮೇಘಾಳ ಹೆಜ್ಜೆ ತಪ್ಪಿತು. ಅವಳು ನಿಂತುಬಿಟ್ಟಳು. ನಾನು ಕುರ್ಚಿಯಿಂದ ಏಳುವುದರೊಳಗೆ ಅತ್ತೆ ನನ್ನ ಮೊಣಕಾಲು ಒತ್ತಿ ಹಿಡಿದರು. ಓಂಕಾರ ಜಗ್ಗಲಿಲ್ಲ. ಕೈ ಹಾಗೆಯೇ ಹಿಡಿದು, ಹಾಡನ್ನು ಒಂದಿಷ್ಟು ಮುಂದೆ ಹೋಗಲು ಬಿಟ್ಟು, ಕಾದ. ಅವಳು ಉಸಿರು ತೆಗೆದುಕೊಂಡಳು, ಅವನತ್ತ ನೋಡಿ ನಕ್ಕಳು, ಮುಂದಿನ ಸುತ್ತಿಗೆ ಸೇರಿಕೊಂಡಳು. ನಾನು ಬಾದಾಮಿ ಹಾಲಿನಲ್ಲಿ ಹುಡುಕುತ್ತಿದ್ದ ಔಷಧ ಆ ಹುಡುಗನ ಅಂಗೈಯಲ್ಲಿತ್ತು.

ಬಹುಮಾನ ಬೇರೆ ಕಾಲೇಜಿಗೆ ಹೋಯಿತು. ಹೊರಗೆ ಬಂದವಳೇ ಮೇಘಾ, "ಮಮ್ಮಿ, ಭಾಳ ಹಸಿವ್ಯಾಗೈತಿ" ಎಂದು ಮಿರ್ಚಿ ಭಜಿಯ ತಟ್ಟೆ ಖಾಲಿ ಮಾಡಿ, ನನ್ನದಕ್ಕೂ ಕೈ ಹಾಕಿದಳು. ನನ್ನ ಬಹುಮಾನ ನನಗೆ ಸಿಕ್ಕಿತ್ತು.

ಈಗಲೂ ಕೆಲವು ದಿನ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊನ್ನೆಯೂ ಮುಚ್ಚಿತ್ತು. ನಾನು ತಟ್ಟಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು, ಬಟಾಣಿ ಸುಲಿಯುತ್ತ, ಕಲಿತ ವಿದ್ಯೆಯಂತೆ ಕಾಯುತ್ತ ತಡೆದೆ. ಇಷ್ಟು ಚೆನ್ನಾಗಿ ತಡೆಯುವ ತಾಯಿ ಬೆಳಗಾವಿಯಲ್ಲೇ ಇನ್ನೊಬ್ಬಳಿರಲಿಕ್ಕಿಲ್ಲ ಎಂದು ಹೆಮ್ಮೆಪಡುತ್ತಿರುವಾಗ ಒಳಗಿನಿಂದ ದನಿ ಬಂತು: "ಮಮ್ಮಿ, ನೀ ತಡಿಯೂದು ಇಲ್ಲೀತನಕಾ ಕೇಳಾಕತ್ತೈತಿ. ಬಾ ಒಳಗ."

ಎದ್ದಾಗ ನೋಡಿದೆ. ಕಾಳೆಲ್ಲ ಸಿಪ್ಪೆಯ ಬುಟ್ಟಿಯಲ್ಲಿದ್ದವು, ಸಿಪ್ಪೆಯೆಲ್ಲ ಪಾತ್ರೆಯಲ್ಲಿತ್ತು.