ಸೀಮಂತಕ್ಕೆ ಅಕ್ಕ ಹಚ್ಚಿದ ಅತ್ತರು

ಅಪಾಯದ ವಸ್ತುವಿನ ಮೇಲೆ ಸರಿಯಾದ ಲೇಬಲ್ ಅಂಟಿಸಿದರೆ ಅರ್ಧ ಅಪಾಯ ಕಳೆದಂತೆ ಎಂದು ನಂಬಿಕೊಂಡು ಸಂಬಳ ತೆಗೆದುಕೊಳ್ಳುವವನು ನಾನು. ಸ್ಯಾನ್ ಪೀಡ್ರೊ ಬಂದರಿನ ಹತ್ತಿರದ ಒಂದು ಸರಕು ಸಾಗಣೆ ಕಚೇರಿಯಲ್ಲಿ ನನ್ನ ಉದ್ಯೋಗವೇ ಅದು. ಹಡಗಿನಿಂದ ಇಳಿಯುವ ಕಂಟೇನರಿನಲ್ಲಿ ಆಸಿಡ್ಡೋ ಬ್ಯಾಟರಿಯೋ ಕೀಟನಾಶಕವೋ ಇದ್ದರೆ, ಆ ಸಂಗತಿಯನ್ನು ಕಂಟೇನರ್ ತನ್ನ ಮೈಮೇಲೆ ಬರೆದುಕೊಂಡಿರಬೇಕು. ಬರೆದುಕೊಂಡಿಲ್ಲದಿದ್ದರೆ ಅದರ ಮಾಲೀಕ ಎಷ್ಟೇ ಗೋಗರೆದರೂ ನಾನು ಜಗ್ಗುವುದಿಲ್ಲ. ಈ ಚಾಳಿ ಮನೆಗೂ ಬಂದಿದೆ. ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದೂ, ಸಕ್ಕರೆಯ ಡಬ್ಬಿಯ ಮೇಲೆ ಸಕ್ಕರೆ ಎಂದೂ ಬರೆದಿದೆ. ಒಳಗಿರುವುದು ಕಾಣುವ ಗಾಜಿನ ಡಬ್ಬಿಗೂ ಬರೆದಿದ್ದೀರಲ್ಲ ಎಂದು ನನ್ನ ಹೆಂಡತಿ ಗೀತಾ ಬಂದವರೆದುರು ಹಾಸ್ಯ ಮಾಡುತ್ತಾಳೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆ ಮನೆಯಲ್ಲಿ ಹೆಸರಿಲ್ಲದ ಬಾಟಲಿ ಒಂದೇ ಒಂದಿತ್ತು, ಅದು ನನ್ನದಾಗಿತ್ತು.

ವಿಷಯ ಹೀಗೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದಾಗ ನಾನು ಸಿಗರೇಟು ಬಿಟ್ಟೆ. ಗೀತಾಗೆ ಹಾಗೆಂದು ಹೇಳಿದ್ದು ಅಪ್ಪಟ ನಿಜ. ಅದರ ಬದಲಿಗೆ ವೇಪ್ ಹಿಡಿದೆ ಎನ್ನುವುದನ್ನು ಅವಳು ಕೇಳಲಿಲ್ಲ, ಹಾಗಾಗಿ ನಾನು ಹೇಳಲಿಲ್ಲ. ಹೊಗೆಯ ಬದಲು ಆವಿ ಸೇದುವ ಪೆನ್ನಿನಂಥ ಯಂತ್ರ, ಅದಕ್ಕೆ ಆಗಾಗ ಸಣ್ಣ ಬಾಟಲಿಯಿಂದ ನಿಕೋಟಿನ್ ದ್ರವ ತುಂಬಬೇಕು. ಅಂಗಡಿಯಲ್ಲಿ ಮಾವು, ಪುದೀನ, ಕಾಫಿ ಎಂದು ಹತ್ತಾರು ಪರಿಮಳಗಳಿದ್ದವು. ನಾನು ಬಹಳ ಯೋಚನೆ ಮಾಡಿ ಗುಲಾಬಿ ಆರಿಸಿದೆ. ಅಪ್ಪಿತಪ್ಪಿ ವಾಸನೆ ಬಂದರೂ ಊದಿನಕಡ್ಡಿ ಎಂದುಕೊಳ್ಳಲಿ ಎನ್ನುವುದು ಲೆಕ್ಕಾಚಾರ. ಬಾಟಲಿಯ ಲೇಬಲನ್ನು ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆದೆ. ತೆಗೆಯುವ ಮುಂಚೆ ಅದರ ಮೇಲಿದ್ದದ್ದನ್ನು ಓದಿದ್ದೆ ಕೂಡ: ಚರ್ಮಕ್ಕೆ ತಾಗಿಸಬೇಡಿ, ತಾಗಿದರೆ ಕೂಡಲೇ ತೊಳೆಯಿರಿ, ಮಕ್ಕಳಿಂದ ದೂರವಿಡಿ. ಅಕ್ಷರ ಸಾಕಷ್ಟು ದೊಡ್ಡದಾಗಿದೆ, ನಿಯಮದ ಪ್ರಕಾರವೇ ಇದೆ ಎಂದು ವೃತ್ತಿಯ ದೃಷ್ಟಿಯಿಂದ ಮೆಚ್ಚಿಕೊಂಡೆ. ಆಮೇಲೆ ಬಾಟಲಿಯನ್ನು ದೇವರ ಗೂಡಿನ ಕೆಳಗಿನ ಬೀರುವಿನಲ್ಲಿ, ಕರ್ಪೂರದ ಪೊಟ್ಟಣಗಳ ಹಿಂದೆ ಇಟ್ಟೆ. ದಿನಕ್ಕೆರಡು ಸಲ ನಾನು ದೇವರ ಮುಂದೆ ಬಗ್ಗುವುದನ್ನು ಕಂಡು ಗೀತಾಗೆ ಬಹಳ ಸಂತೋಷವಾಯಿತು. ವಯಸ್ಸಾಗುತ್ತ ಇವರು ಸರಿಹೋದರು ಎಂದು ಅವಳು ಫೋನಿನಲ್ಲಿ ತನ್ನ ತಂಗಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಹೀಗಿರುವಾಗ ಮೈಸೂರಿನಿಂದ ನನ್ನ ಅಕ್ಕ ಸರೋಜಾ ಬಂದಳು. ಅವಳ ಮಗಳು ಸಿಂಧು, ಸ್ಯಾನ್ ಡಿಯಾಗೋ ಕಡೆ ರಾಂಚೊ ಬರ್ನಾರ್ಡೊದಲ್ಲಿ ಇಂಜಿನಿಯರು, ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಬಂದ ಅಕ್ಕ ಸೀಮಂತ ಮಾತ್ರ ಸೋದರಮಾವನ ಮನೆಯಲ್ಲೇ ಆಗಬೇಕೆಂದಳು. ಅಕ್ಕ ಒಂದು ಮಾತು ಹೇಳಿದರೆ ಅದನ್ನು ಮೀರುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವಳು. ಈಗಲೂ ನಮ್ಮನ್ನೆಲ್ಲ ಸಾಲ ಕೇಳಲು ಬಂದವರಂತೆ ನೋಡುತ್ತಾಳೆ. ಅಂತೂ ಹಸಿರು ಸೀರೆ ಬಂತು, ಹಸಿರು ಗಾಜಿನ ಬಳೆ ಬಂತು, ಕೋಸಂಬರಿಗೆ ಬೇಳೆ ನೆನೆಯಿತು. ಎಷ್ಟೋ ಕಾಲದ ಮೇಲೆ ನಮ್ಮ ಮನೆಗೆ ಇಷ್ಟು ಜನ ಸೇರುವವರಿದ್ದರು. ಅಕ್ಕನಿಗೆ ಒಂದೇ ಕೊರತೆ. ಬಂದವರ ಕೈಗೆ ಬಾಗಿಲಲ್ಲೇ ಹಚ್ಚಲು ಅವಳು ತಂದಿದ್ದ ಅತ್ತರಿನ ಸೀಸೆ ಸೂಟ್‌ಕೇಸಿನಲ್ಲಿ ಒಡೆದು, ಅವಳ ರೇಷ್ಮೆ ಕುಪ್ಪಸಗಳಿಗೆ ಮಾತ್ರ ಸ್ವಾಗತ ಕೋರಿತ್ತು. ಪನ್ನೀರು ಸಾಕು ಬಿಡಿ ಅಕ್ಕ ಎಂದು ಗೀತಾ ಸಮಾಧಾನ ಹೇಳಿದಳು. ಅತ್ತರಿಲ್ಲದ ಸೀಮಂತವೂ ಒಂದು ಸೀಮಂತವೇ ಎಂದು ಅಕ್ಕ ಗೊಣಗಿದಳು.

ಸೀಮಂತದ ದಿನ ನಾನು ಗರಾಜಿನಿಂದ ಮಡಚುವ ಕುರ್ಚಿಗಳನ್ನು ಹೊತ್ತು ತರುತ್ತಿದ್ದೆ. ಹಾಲಿಗೆ ಕಾಲಿಟ್ಟೊಡನೆ ಗಮಗಮ ಗುಲಾಬಿ. ನನಗೆ ಬಹಳ ಪರಿಚಯವಿದ್ದ ಗುಲಾಬಿ. ಬಾಗಿಲಲ್ಲಿ ಅಕ್ಕ ಕಡ್ಡಿಗೆ ಹತ್ತಿ ಸುತ್ತಿಕೊಂಡು, ಒಳಬಂದವರ ಮುಂಗೈಗೆಲ್ಲ ನಗುನಗುತ್ತ ಹಚ್ಚುತ್ತಿದ್ದಾಳೆ. ಎಡಗೈಯಲ್ಲಿ ನನ್ನ ಬಾಟಲಿ. ನನ್ನ ಕೈಗೂ ಒಂದು ಸಲ ಸವರಿ, ದೇವರ ಬೀರುವಿನಲ್ಲೇ ಇತ್ತು, ನಿನ್ನ ಹೆಂಡತಿಗೆ ತನ್ನ ಮನೆಯಲ್ಲಿ ಏನಿದೆ ಅಂತಲೇ ಗೊತ್ತಿಲ್ಲ ಎಂದಳು. ಎಲ್ಲರೂ ಓದಿದವರು: ಇಂಜಿನಿಯರುಗಳು, ಪ್ರೊಫೆಸರು, ಒಬ್ಬರು ಕಣ್ಣಿನ ಡಾಕ್ಟರು. ಎಲ್ಲರೂ ಮುಂಗೈ ಮೂಸಿಕೊಂಡು ಮೈಸೂರಿನ ಅತ್ತರೇ ಬೇರೆ ಬಿಡಿ ಎಂದು ತಲೆದೂಗುತ್ತಿದ್ದರು.

ನನ್ನ ಬುದ್ಧಿ ಬಹಳ ಚುರುಕಾಗಿ, ಬಹಳ ಕೆಟ್ಟದಾಗಿ ಓಡಿತು. ಕೋವಿಡ್ ಇನ್ನೂ ಪೂರ್ತಿ ಹೋಗಿಲ್ಲ, ದಯವಿಟ್ಟು ಎಲ್ಲರೂ ಸೋಪು ಹಾಕಿ ಕೈ ತೊಳೆದುಕೊಂಡು ಬನ್ನಿ ಎಂದು ಘೋಷಿಸಿದೆ. ಒಬ್ಬರು ಜೇಬಿನಿಂದ ಸ್ಯಾನಿಟೈಸರ್ ತೆಗೆದರು. ಅದು ಬೇಡ, ಸೋಪು ಮತ್ತು ಹರಿಯುವ ನೀರೇ ಆಗಬೇಕು, ಮುಂಗೈಯನ್ನೂ ಉಜ್ಜಬೇಕು ಎಂದೆ. ಪಾಪ, ಸಾಲಾಗಿ ಹೋಗಿ ತೊಳೆದುಕೊಂಡರು. ಇವರಿಗೆ ಕೋವಿಡ್ ಭಯ ಇನ್ನೂ ಇಳಿದಿಲ್ಲ ಎಂದು ಯಾರೋ ಗೀತಾಗೆ ಹೇಳಿದ್ದು ಕೇಳಿಸಿತು. ಗುಟ್ಟೂ ಉಳಿಯಿತು, ಜನರೂ ಉಳಿದರು ಎಂದು ಬೆನ್ನು ತಟ್ಟಿಕೊಳ್ಳುತ್ತ ತಿರುಗಿ ನೋಡಿದರೆ ಮಣೆಯ ಮೇಲೆ ಸಿಂಧು. ಅಕ್ಕ ಮಗಳಿಗೆ ಎಲ್ಲರಿಗಿಂತ ಧಾರಾಳವಾಗಿ ಹಚ್ಚಿದ್ದಳು: ಎರಡೂ ಮಣಿಕಟ್ಟಿಗೆ, ಕಿವಿಯ ಹಿಂದೆ, ಕತ್ತಿಗೆ. ಅದರ ಮೇಲೆ ಮೊಣಕೈವರೆಗೆ ಬಳೆ.

ಏಳಮ್ಮ, ನೀನೂ ಕೈ ತೊಳೆದುಕೋ ಎಂದೆ. ಆರತಿ ಆಗುವ ತನಕ ಮಣೆ ಬಿಟ್ಟು ಏಳುವ ಹಾಗಿಲ್ಲ ಎಂದು ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು. ಆರತಿ ಎಷ್ಟು ಹೊತ್ತು ಎಂದೆ. ಹಾಡಿದಷ್ಟು ಹೊತ್ತು ಎಂದಳು. ಹಾಡುವವರು ಐವರಿದ್ದರು, ಐವರೂ ಸಂಗೀತ ಕಲಿತವರು, ಆಗಲೇ ಶುರು ಮಾಡಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಸಿಂಧುವಿನ ಕತ್ತಿನ ಮೇಲೆ ಆ ತೇವ ಮಿನುಗುತ್ತಿತ್ತು, ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿ ನಗುತ್ತಿದ್ದಳು.

"ಅಕ್ಕ, ಅದು ಅತ್ತರಲ್ಲ," ಎಂದೆ. "ನಿಕೋಟಿನ್. ನಂದೇ. ನಾನು ಸೇದೋದು."

ಹಾಡು ನಿಂತಿತು. ಕಣ್ಣಿನ ಡಾಕ್ಟರು ತಮ್ಮ ಮುಂಗೈಯನ್ನು ಇನ್ನೊಮ್ಮೆ ಮೂಸಿದರು. ಗೀತಾ ನನ್ನನ್ನು ನೋಡಲಿಲ್ಲ, ದೇವರ ಬೀರುವನ್ನು ನೋಡಿದಳು. ಅಕ್ಕ ಮಾತ್ರ ಯಾವ ವಿವರಣೆಯನ್ನೂ ಕೇಳಲಿಲ್ಲ. ಭಾವನ ಕಡೆಯವರು ಹುಣಸೂರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಒದ್ದೆ ಎಲೆ ಕಿತ್ತವರು ಸಂಜೆ ಹೊತ್ತಿಗೆ ತಲೆ ಸುತ್ತಿ ವಾಂತಿ ಮಾಡಿಕೊಳ್ಳುವುದನ್ನು ಅವಳು ಮದುವೆಯಾದ ಹೊಸದರಲ್ಲಿ ಕಣ್ಣಾರೆ ಕಂಡಿದ್ದಳು. ಕೈಯಿಂದಲೇ ಮೈಗೆ ಏರುತ್ತೆ ಕಣೇ ಅದು, ಏಳು ಎಂದು ಮಗಳನ್ನು ಮಣೆಯಿಂದ ಎಬ್ಬಿಸಿ ಕರೆದೊಯ್ದಳು. ಶಾಸ್ತ್ರದ ಬಳೆ ತೆಗೆಯುವಂತಿಲ್ಲ. ಅವನ್ನು ಮೇಲಕ್ಕೆ ಸರಿಸಿ, ಒಂದೊಂದರ ಕೆಳಗೂ ಸೋಪು ತೂರಿಸಿ, ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಕತ್ತು, ಕಿವಿ ಎಲ್ಲ ತೊಳೆಸಿ ಕುಪ್ಪಸವನ್ನೂ ಬದಲಾಯಿಸಿದಳು.

ಅಷ್ಟರಲ್ಲಿ ನಾನು ವಿಷದ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದೆ. ಆ ಕಡೆಯ ಹೆಂಗಸು ತರಕಾರಿ ಕೊಳ್ಳುವಷ್ಟು ಶಾಂತವಾಗಿ ಕೇಳುತ್ತ ಹೋದಳು. ಎಷ್ಟು ತಾಗಿದೆ, ಎಷ್ಟು ಹೊತ್ತಾಯಿತು, ಚರ್ಮದ ಮೇಲೆ ಗಾಯ ಇದೆಯೇ, ಬಾಯಿಗೆ ಹೋಗಿದೆಯೇ. ಕೊನೆಗೆ, ದ್ರವ ಎಷ್ಟು ಸ್ಟ್ರಾಂಗು, ಲೇಬಲ್ ಓದಿ ಹೇಳಿ ಎಂದಳು. ಲೇಬಲ್ ಇಲ್ಲ ಎಂದೆ. ನೀವು ಬಹಳ ಕಾಲದಿಂದ ಬಳಸುವವರಾದರೆ ನೆನಪಿರಬೇಕಲ್ಲ ಎಂದಳು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು, ಗೀತಾ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ಮೂರು ಮಿಲಿಗ್ರಾಂ ಎಂದೆ. ಮೂರು ಎಂದರೆ ಬಿಡುವ ಹಂತಕ್ಕೆ ಬಂದವರು ತೆಗೆದುಕೊಳ್ಳುವ ಪ್ರಮಾಣ, ಮರ್ಯಾದಸ್ಥ ಪ್ರಮಾಣ. ಆಗ ಸಿಂಧು ಒದ್ದೆ ಕತ್ತು ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹದಿನೆಂಟು," ಎಂದೆ. "ಸಾರಿ. ಮೂರಲ್ಲ, ಹದಿನೆಂಟು."

ನಿಜ ಹೇಳಿದ್ದು ಒಳ್ಳೆಯದಾಯಿತು ಎಂದು ಆಕೆ ನನಗೆ ಥ್ಯಾಂಕ್ಸ್ ಹೇಳಿದಳು. ಆ ದಿನ ನನಗೆ ಸಿಕ್ಕ ಒಂದೇ ಒಳ್ಳೆಯ ಮಾತು ಅದು. ಗಾಯವಿಲ್ಲದ ಚರ್ಮಕ್ಕೆ ಸ್ವಲ್ಪ ಸವರಿ ಬೇಗ ತೊಳೆದಿದ್ದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಚರ್ಮ ಕೆಂಪಾಗಬಹುದು, ತುರಿಸಬಹುದು. ವಾಕರಿಕೆ, ತಲೆಸುತ್ತು, ಬೆವರು, ಎದೆಬಡಿತ ಕಂಡರೆ ಆಸ್ಪತ್ರೆಗೆ ಕರೆದೊಯ್ಯಿರಿ; ಬಸುರಿಯಾದ್ದರಿಂದ ಅವರ ಡಾಕ್ಟರಿಗೆ ಈಗಲೇ ತಿಳಿಸಿ ಎಂದಳು. ಡಾಕ್ಟರಿಗೆ ತಿಳಿಸಿದ್ದಾಯಿತು. ಅವರೂ ಅದನ್ನೇ ಹೇಳಿದರು. ಸಿಂಧು ಎರಡು ಸಲ ಹೋಳಿಗೆ ಹಾಕಿಸಿಕೊಂಡಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಉಂಡೆವು. ಹಾಗೆ ನೋಡಬೇಡಿ ಮಾಮ, ನಿಮ್ಮ ಮುಖ ನೋಡಿದ್ರೇನೇ ವಾಂತಿ ಬರೋ ಹಾಗಿದೆ ಎಂದು ಅವಳೇ ನಕ್ಕಳು. ನನಗೆ ಅಳು ಬಂತು, ಎದ್ದು ಹೋಗಿ ಮಜ್ಜಿಗೆ ತಂದೆ.

ಅವತ್ತು ರಾತ್ರಿ ಗೀತಾ ಜಗಳವಾಡಲಿಲ್ಲ. "ಸೇದಿದ್ದು ಹಾಳಾಗಿ ಹೋಗಲಿ. ನೀವು ಬದಲಾದ್ರಿ ಅಂತ ನಾನು ಊರಿಗೆಲ್ಲ ಹೇಳಿದ್ದೆ," ಎಂದಳು. ಬಿಟ್ಟುಬಿಡುತ್ತೇನೆ ಎಂದೆ.

ಸಿಂಧುವಿಗೆ ಹೆಣ್ಣು ಮಗುವಾಯಿತು, ತುಂಬು ತೂಕದ್ದು. ನಾಮಕರಣಕ್ಕೆ ರಾಂಚೊ ಬರ್ನಾರ್ಡೊಗೆ ಹೋದೆವು. ಬಂದವರೆಲ್ಲ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನ ಸರದಿ ಬಂದಾಗ ಅಕ್ಕ ಮಗುವನ್ನು ತಾನೇ ಎತ್ತಿಕೊಂಡು, ಮೊದಲು ತೊಳೆದುಕೊಂಡು ಬಾ ಎಂದಳು. ಎಲ್ಲರೆದುರು ಹೀಗೆ ಹೇಳಿದ್ದಕ್ಕೆ ನನಗೆ ನೋವಾಯಿತು. ಆದರೂ ಹೋಗಿ ಮೊಣಕೈವರೆಗೆ ಉಜ್ಜಿ ತೊಳೆದು ಬಂದೆ. ಅಕ್ಕ ನನ್ನ ಎರಡೂ ಕೈಗಳನ್ನು ಹಿಡಿದು ಮೂಸಿದಳು. ತೃಪ್ತಿಯಾಯಿತೋ ಏನೋ, ಮಗುವನ್ನು ಮುಂದೆ ಚಾಚಿದಳು. ಹಿಂದಿನಿಂದ ಗೀತಾ ಹೆಮ್ಮೆಯಿಂದಲೇ, ಅವರು ಆವತ್ತೇ ಬಿಟ್ಟರು ಅಕ್ಕ, ಪಾಪ, ಯಾಕೆ ಅನುಮಾನ ಪಡ್ತೀರಿ ಎಂದಳು. ಕಾರು ಪಾರ್ಕ್ ಮಾಡಿ ಬರುತ್ತೇನೆಂದು ನಾನು ಹಿಂದೆ ಉಳಿದಿದ್ದ ಆ ಹೊತ್ತಿನಲ್ಲಿ ಪೆನ್ನಿಗೆ ದ್ರವ ತುಂಬಿಕೊಂಡಿದ್ದು ಅವಳಿಗೆ ಗೊತ್ತಿರಲಿಲ್ಲ. ಮಗು ಕಣ್ಣು ಬಿಟ್ಟು ನನ್ನ ಬೆರಳಿಗಾಗಿ ಕೈ ಆಡಿಸಿತು. ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಒಂದು ನಿಮಿಷ ಅಕ್ಕ ಎಂದು ಹೇಳಿ, ಯಾರೂ ಹೇಳದೆಯೇ ಇನ್ನೊಂದು ಸಲ ಸೋಪು ಹಾಕಿ ಕೈ ತೊಳೆದುಕೊಳ್ಳಲು ಹೋದೆ.