ಶಿರೋಪಕರಣ ಮತ್ತು ಶೌಚಾಲಯ

ಮಿಶ್ರ ವಾಸ್ತವ ಶಿರೋಪಕರಣವನ್ನು ಕೊಳ್ಳಬೇಕೋ ಬಾರದೋ ಎಂಬ ಪ್ರಶ್ನೆ ಹೊಸಪೇಟೆಯ ನದೀತೀರ ಸಂದರ್ಶಕರ ಸೌಕರ್ಯ ಮಂಡಳಿಯ ಮುಂದೆ ಬಂದಾಗ, ಅದು ಏನು ವಸ್ತು ಎಂಬುದು ಮಂಡಳಿಯ ಒಬ್ಬ ಸದಸ್ಯರಿಗೂ ತಿಳಿದಿರಲಿಲ್ಲ. ಆದಕಾರಣ ಚರ್ಚೆ ಸಂಪೂರ್ಣ ನಿಷ್ಪಕ್ಷಪಾತವಾಗಿ ನಡೆಯಿತು.

ನಿರ್ದೇಶಕರಾದ ತಿಪ್ಪೇಶ್ ಅವರು ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು. ಯಾವ ವಸ್ತುವನ್ನೂ ಕೈಯಲ್ಲಿ ಹಿಡಿದು ತೂಗದೆ ಅಭಿಪ್ರಾಯ ಹೇಳುವವರಲ್ಲ. ಕಂಪನಿಯವರು ಕಳಿಸಿದ್ದ ಬಣ್ಣದ ಜಾಹೀರಾತು ಹಾಳೆಯನ್ನೇ ಅಂಗೈ ಮೇಲಿಟ್ಟು ತೂಗಿ, "ಹಗುರ ಐತಿ. ಮಾಲು ಚಲೋ ಕಾಣ್ತೈತಿ" ಎಂದರು.

ಲೆಕ್ಕಾಧಿಕಾರಿ ಕೊಟ್ರಯ್ಯನವರು ಹಾಳೆಯ ಹಿಂಬದಿಯನ್ನು ಓದಿ ವಿವರಿಸಿದರು. "ಕನ್ನಡಕ ಇದ್ದಂಗ ಮಾರಿಗೆ ಕಟ್ಕೊಳ್ಳೋದು ಸಾಹೇಬ್ರ. ಎದುರಿಗೆ ಇರೋದೂ ಕಾಣ್ತೈತಿ, ಇಲ್ಲದ್ದೂ ಕಾಣ್ತೈತಿ. ಎರಡೂ ಕೂಡೇ."

"ಹಂಗಾದ್ರ ನಮ್ಮ ವಾರ್ಷಿಕ ವರದಿ ಇದ್ದಂಗ ಅನ್ರಿ."

"ಹೌದ್ರಿ. ಆದ್ರ ಇದು ಬ್ಯಾಟರಿ ಮ್ಯಾಲೆ ನಡೀತೈತಿ."

ಮಂಡಳಿಯ ಬಳಿ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಲೇಬೇಕಾದ ಹಣವಿತ್ತು. ಆ ಹಣದಲ್ಲಿ ಈ ಶಿರೋಪಕರಣ, ಅಂದರೆ ಒಂದು ಹೆಡ್‌ಸೆಟ್ ಕೊಳ್ಳಬಹುದಿತ್ತು, ಇಲ್ಲವೇ ಎರಡು ಕೋಣೆಯ ಒಂದು ಮಹಿಳಾ ಶೌಚಾಲಯ ಕಟ್ಟಿಸಬಹುದಿತ್ತು. ಶೌಚಾಲಯದ ಬೇಡಿಕೆ ಬಂದಿದ್ದು ಬುಕ್ಕಸಾಗರದ ದಾರಿಯಲ್ಲಿರುವ ದೀಪದ ಮಂಟಪದಿಂದ. ಅಲ್ಲಿ ಕಸ ಗುಡಿಸುವ ಪಕೀರಮ್ಮ ವರ್ಷಕ್ಕೊಮ್ಮೆ ಕಚೇರಿಗೆ ಬಂದು ಕೇಳುತ್ತಿದ್ದಳು. ಮಂಡಳಿ ವರ್ಷಕ್ಕೊಮ್ಮೆ ಅದನ್ನು ಸಹಾನುಭೂತಿಯಿಂದ ಪರಿಗಣಿಸುತ್ತಿತ್ತು.

ಮಂಟಪದಲ್ಲಿ ದುಡಿಯುವ ಹೆಣ್ಣುಮಕ್ಕಳು ಬೆಳಗ್ಗೆ ಮನೆಯಲ್ಲಿ ಕುಡಿದ ಚಹಾದ ಮೇಲೆ ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಇದರಿಂದಾಗಿ ಪಕೀರಮ್ಮನಿಗೆ ಒಮ್ಮೆ ಮೂತ್ರದ ಸೋಂಕಾಗಿ ಚಳಿಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಡಾಕ್ಟರು ಬೈದರು: "ನೀರು ಜಾಸ್ತಿ ಕುಡೀಬೇಕಮ್ಮ ನೀನು."

"ಕುಡೀತೀನ್ರಿ ಯಪ್ಪಾ. ಕುಡಿದದ್ದನ್ನ ಎಲ್ಲಿಗೆ ಒಯ್ಲಿ?" ಎಂದು ಅವಳು ಕೇಳಿದಳು. ಅದು ಬೇರೆ ಇಲಾಖೆಗೆ ಸೇರಿದ ಪ್ರಶ್ನೆಯಾದ್ದರಿಂದ ಡಾಕ್ಟರು ಉತ್ತರಿಸಲಿಲ್ಲ.

ಎರಡರಲ್ಲಿ ಯಾವುದು ಯೋಗ್ಯವೆಂದು ವರದಿ ಕೊಡುವ ಕೆಲಸ ತಾಂತ್ರಿಕ ಸಹಾಯಕಿ ಅಂಜಲಿಗೆ ಬಂತು. ಪಾಪಿನಾಯಕನಹಳ್ಳಿಯ ಈ ಹುಡುಗಿ ಎಂಜಿನಿಯರಿಂಗ್ ಓದಿದವಳು, ಗುತ್ತಿಗೆ ನೌಕರಿಯವಳು. ಅವಳ ಗುತ್ತಿಗೆಯೂ ಮಾರ್ಚ್‌ಗೇ ಮುಗಿಯುವುದರಿಂದ ವರದಿಯನ್ನು ಆಕೆ ನಿರ್ಭೀತಿಯಿಂದ ಬರೆಯುವಳೆಂದು ಮಂಡಳಿ ನಂಬಿತ್ತು.

ಕಂಪನಿಯವರು ಪರೀಕ್ಷೆಗೆಂದು ಒಂದು ಹೆಡ್‌ಸೆಟ್ ಕೊಟ್ಟರು. ಅಂಜಲಿ ಅದನ್ನು ದೀಪದ ಮಂಟಪಕ್ಕೆ ಒಯ್ದು ಕಟ್ಟಿಕೊಂಡಳು. ಮುರಿದ ಕಂಬಗಳು ಒಂದೊಂದಾಗಿ ಎದ್ದು ನಿಂತವು. ಮೇಲ್ಛಾವಣಿ ಕೂಡಿಕೊಂಡಿತು, ಸಾಲು ದೀಪಗಳು ಹೊತ್ತಿಕೊಂಡವು. ಅಂಗಳದ ತುಂಬ ಹೂವು ಮಾರುವವರು, ಎಣ್ಣೆಯ ಕೊಡ ಹೊತ್ತವರು, ಕುದುರೆ ಹಿಡಿದವರು. ಒಬ್ಬಳು ಹೂವಿನವಳು ತನ್ನನ್ನೇ ನೋಡಿ ನಕ್ಕಂತಾಯಿತು. ಚಿಕ್ಕಂದಿನಿಂದ ನೋಡಿದ ಕಲ್ಲೇ ಆದರೂ ಅಂಜಲಿ ಒಂದು ಕಂಬ ಮುಟ್ಟಲು ಕೈ ಚಾಚಿದಳು. ಹೀಗೆ ಭಾವಪರವಶಳಾಗಿ ನಿಂತವಳಿಗೆ, ಬೆಳಗಿನಿಂದ ತಡೆದುಕೊಂಡಿರುವುದು ನೆನಪಾಯಿತು.

ಪಕೀರಮ್ಮ ಪೊರಕೆ ಗೋಡೆಗೆ ಆನಿಸಿ ಬಂದು ನಿಂತಿದ್ದಳು. ಅಂಜಲಿ ಅವಳಿಗೂ ಕಟ್ಟಿದಳು.

"ಯವ್ವಾ! ಎಷ್ಟ್ ಮಂದಿ!" ಪಕೀರಮ್ಮ ಸುತ್ತಲೂ ತಿರುಗಿ ನೋಡಿದಳು. ಆಮೇಲೆ ಕೇಳಿದಳು: "ಅಲ್ಲವ್ವಾ ಅಂಜಲಿ, ಇಷ್ಟೊಂದ್ ಹೆಣ್ಮಕ್ಳು ಅದಾರಲ್ಲ, ಇವ್ರೆಲ್ಲ ಎಲ್ಲಿಗೆ ಹೋಗ್ತಿದ್ರಂತ?"

ಅಂಜಲಿ ವರದಿ ಬರೆದಳು. ಉಪಕರಣ ಅದ್ಭುತವಾಗಿದೆ, ಆದರೆ ಈಗ ಕೊಳ್ಳಲು ಯೋಗ್ಯವಲ್ಲ. ನಮ್ಮ ಊರಿನ ಬಿಸಿಲಿಗೆ ಒಳಗೆಲ್ಲ ಬೆವರುತ್ತದೆ. ಕತ್ತು ನೋಯುತ್ತದೆ. ಬ್ಯಾಟರಿ ಒಂದು ಸಿನಿಮಾಗೂ ಸಾಲದು. ಬಂದವರಲ್ಲಿ ಒಬ್ಬರು ನೋಡುವಾಗ ಉಳಿದವರು ಅವರ ಬಾಯಿ ನೋಡುತ್ತ ನಿಲ್ಲಬೇಕು. ಮೊದಲು ಶೌಚಾಲಯ ಕಟ್ಟಿಸುವುದು ಉತ್ತಮ.

ಸಭೆಯಲ್ಲಿ ಕೊಟ್ರಯ್ಯನವರು ಎದ್ದು ನಿಂತರು. "ವರದಿ ಭಾಳ ಚಲೋ ಐತ್ರಿ. ಆದ್ರ ಮಂಡಳಿಯ ನಿಯಮ ಏನ್ ಹೇಳ್ತೈತಿ? ಮಂಟಪದ ಆವರಣದಾಗ ಒಂದು ಗೇಣಿಗಿಂತ ಆಳ ನೆಲ ಅಗೆಯಂಗಿಲ್ಲ. ಒಂದು ಗೇಣಿನ ಗುಂಡಿಯೊಳಗ ಶೌಚಾಲಯ ಹೆಂಗ ಆಗ್ತೈತಿ?"

ಸಭೆ ಈ ಪ್ರಶ್ನೆಯನ್ನು ಗಂಭೀರವಾಗಿ ಪರಿಗಣಿಸಿತು. ಸದಸ್ಯರೊಬ್ಬರು ಮೇಜಿನ ಮೇಲೆ ಗೇಣು ಇಟ್ಟು ನೋಡಿ ತಲೆ ಅಲ್ಲಾಡಿಸಿದರು.

ತಿಪ್ಪೇಶ್ ಅವರು ಅಂಜಲಿಯ ಕಡೆ ತಿರುಗಿದರು. "ನೋಡಮ್ಮ, ಇದ್ರೊಳಗ ಕುದುರೆ ಕಾಣ್ತೈತಿ ಅಂತ ಬರ್ದೀಯಲ್ಲ. ಶೌಚಾಲಯ ಕಾಣ್ತೈತೇನು?"

"ಕಾಣ್ತೈತ್ರಿ ಸರ್, ಅದರೊಳಗ ಚಿತ್ರ ಮಾಡಿ ಹಾಕಿದ್ರ. ಆದ್ರ ಕಾಣೋದಷ್ಟ."

ನಡಾವಳಿಯಲ್ಲಿ ಮೊದಲ ಶಬ್ದ ಮಾತ್ರ ದಾಖಲಾಯಿತು. ನೆಲ ಅಗೆಯದೆ, ಇಟ್ಟಿಗೆ ತರದೆ, ಶೌಚಾಲಯವನ್ನು ಹೆಡ್‌ಸೆಟ್ಟಿನಲ್ಲಿಯೇ ನಿರ್ಮಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಅಂಜಲಿ ಸಿಟ್ಟಿನಿಂದಲೇ ಅದನ್ನು ಕಟ್ಟಲು ಕಂಪ್ಯೂಟರಿನ ಮುಂದೆ ಕೂತಳು. ಕೂತಮೇಲೆ ಸಿಟ್ಟು ಬೇರೆ ದಾರಿ ಹಿಡಿಯಿತು. ಒಳಗಿನಿಂದ ಗಟ್ಟಿಯಾಗಿ ಹಾಕಿಕೊಳ್ಳುವ ಚಿಲಕ ಇಟ್ಟಳು. ಬ್ಯಾಗ್ ನೇತುಹಾಕಲು ಮೊಳೆ, ಮುಚ್ಚಳವಿರುವ ಕಸದ ಬುಟ್ಟಿ, ಎತ್ತರದಲ್ಲೊಂದು ಗಾಳಿಕಿಂಡಿ, ಕನ್ನಡಿ, ತಿರುವಿದರೆ ನೀರು ಬರುವ ನಲ್ಲಿ. ಬಸ್‌ಸ್ಟ್ಯಾಂಡು, ಕಾಲೇಜು, ಪರೀಕ್ಷಾ ಕೇಂದ್ರಗಳಲ್ಲೆಲ್ಲ ತನಗೆ ಸಿಗದೆ ಹೋದದ್ದನ್ನು ಒಂದೂ ಬಿಡದೆ ಕಟ್ಟಿದಳು. ಮುಗಿದಾಗ ಅದು ಇಡೀ ಜಿಲ್ಲೆಯಲ್ಲೇ ಅತ್ಯುತ್ತಮ ಶೌಚಾಲಯವಾಗಿತ್ತು. ಮಂಟಪದ ಹಿಂದೆ ಜಾಲಿಗಿಡಗಳಿದ್ದ ಜಾಗದಲ್ಲಿ ಅದನ್ನು ನಿಲ್ಲಿಸಿದಳು.

ತಪಾಸಣೆಗೆ ಬೆಂಗಳೂರಿನಿಂದ ಜಂಟಿ ಕಾರ್ಯದರ್ಶಿ ರೇವಣಸಿದ್ದ ಅವರು ಬಂದರು. ದಾರಿಯಲ್ಲಿ ಎಳನೀರು, ಕಚೇರಿಯಲ್ಲಿ ಮಜ್ಜಿಗೆ, ಮಂಟಪದ ಬಾಗಿಲಲ್ಲಿ ಕಬ್ಬಿನ ಹಾಲು ಕೊಟ್ಟು ಅವರನ್ನು ಸ್ವಾಗತಿಸಲಾಗಿತ್ತು. ಹೆಡ್‌ಸೆಟ್ ಕಟ್ಟಿದ ಕೂಡಲೇ ಅವರು ಕಂಬಗಳನ್ನು ನೋಡಲಿಲ್ಲ, ದೀಪಗಳನ್ನೂ ನೋಡಲಿಲ್ಲ. ನೇರವಾಗಿ ಶೌಚಾಲಯದ ಕಡೆ ನಡೆದರು.

"ಇದು ಮಹಿಳೆಯರದ್ದಲ್ವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರು.

"ತಪಾಸಣೆಯ ಸಮಯದಾಗ ಎಲ್ಲರದೂ ಸರ್" ಎಂದರು ಕೊಟ್ರಯ್ಯ.

ಅಂಜಲಿ "ಸರ್, ಅದು ಬರೀ..." ಎಂದು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಹೊರಗಿದ್ದವರೆಲ್ಲರೂ ನದಿಯ ಕಡೆ ಮುಖ ಮಾಡಿ ಈ ಸಲದ ಭತ್ತದ ಬೆಳೆಯ ಬಗ್ಗೆ ಮಾತಾಡಿದರು. ಪಕೀರಮ್ಮನ ಪೊರಕೆ ಮಾತ್ರ ಆ ಜಾಲಿಗಿಡದ ಬುಡದಲ್ಲೇ ಇತ್ತು. ಅವಳು "ಅಯ್ಯಯ್ಯ" ಎಂದು ಎರಡು ಹೆಜ್ಜೆ ಓಡಿ, ಫಲವಿಲ್ಲವೆಂದು ತಿಳಿದು ನಿಂತಳು.

ಸಾಹೇಬರು ಹೊರಬಂದು, ಗಾಳಿಯಲ್ಲಿ ನಲ್ಲಿ ತಿರುವಿ, ಕೈ ತೊಳೆದು, ಜಾಡಿಸಿದರು. "ನನ್ನ ಸರ್ವೀಸಿನಲ್ಲೇ ಇಷ್ಟು ಗಾಳಿ ಬೆಳಕು ಇರೋ ಶೌಚಾಲಯ ನೋಡಿಲ್ಲ" ಎಂದರು. ಅದನ್ನೇ ಬರೆದು ಸಹಿ ಮಾಡಿದರು.

ಇನ್ನು ಹೆಡ್‌ಸೆಟ್ಟನ್ನು ಕಂಪನಿಗೆ ವಾಪಸ್ ಕಳಿಸುವ ದಿನ ಬಂತು. ಆಗ ಕೊಟ್ರಯ್ಯನವರು ಒಂದು ಕಾನೂನಿನ ತೊಡಕನ್ನು ಗಮನಕ್ಕೆ ತಂದರು. ಮೇಲಧಿಕಾರಿಗಳು ತಪಾಸಣೆ ಮಾಡಿ ಬಳಸಿದ ಸಾರ್ವಜನಿಕ ಶೌಚಾಲಯ ಈಗ ಉಪಕರಣದ ಒಳಗಿದೆ. ಉಪಕರಣವನ್ನು ಹಿಂದಿರುಗಿಸಿದರೆ ಶೌಚಾಲಯ ನೆಲಸಮವಾಗುತ್ತದೆ. ಸಾರ್ವಜನಿಕ ಆಸ್ತಿಯನ್ನು ನೆಲಸಮ ಮಾಡಿದವರ ಮೇಲೆ ಕ್ರಮ ಜರುಗುತ್ತದೆ. ಆದ್ದರಿಂದ ಕೊಳ್ಳುವುದು ಯೋಗ್ಯವೇ ಎಂಬ ಪ್ರಶ್ನೆಯೇ ಇನ್ನು ಉದ್ಭವಿಸುವುದಿಲ್ಲ.

ಹೆಡ್‌ಸೆಟ್ ಖರೀದಿಯಾಯಿತು. ಪಕೀರಮ್ಮನ ಬೇಡಿಕೆ ಈಡೇರಿದೆ ಎಂದು ಷರಾ ಬರೆಯಲಾಯಿತು. ಶೌಚಾಲಯವನ್ನು ಚಾರ್ಜ್ ಮಾಡಲು ಒಬ್ಬರು ಬೇಕಾದ್ದರಿಂದ ಅಂಜಲಿಯ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯಿತು. ಆಕೆ ಆ ಆದೇಶವನ್ನು ಎರಡು ಸಲ ಓದಿದಳು. ಮನೆಯಲ್ಲಿ ತಂಗಿಯ ಕಾಲೇಜಿನ ಫೀ ಕಟ್ಟುವುದಿತ್ತು. ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಪಕೀರಮ್ಮ ಕಚೇರಿಗೆ ಬಂದು ತಿಪ್ಪೇಶ್ ಅವರ ಮುಂದೆ ನಿಂತಳು. "ಸಾಹೇಬ್ರ, ನಾ ಪಾಯಖಾನಿ ಕೇಳಿದ್ದೆ."

"ಕೊಟ್ಟೀವಲ್ಲವ್ವಾ. ನಿನ್ನನ್ನ ಅದರ ಸ್ವಚ್ಛತಾ ಮೇಲ್ವಿಚಾರಕಿ ಅಂತ ಮಾಡೀವಿ. ಪಗಾರನೂ ಸ್ವಲ್ಪ ಹೆಚ್ಚು."

"ಅಲ್ಲಿ ಗ್ವಾಡಿ ಇಲ್ರಿ ಯಪ್ಪಾ. ಇಲ್ಲದ ಗ್ವಾಡಿ ಹೆಂಗ ತೊಳೀಲಿ?"

"ನೀರು ಉಳೀತೈತಿ" ಎಂದರು ತಿಪ್ಪೇಶ್. ಪಕೀರಮ್ಮ ಅಂಜಲಿಯ ಮುಖ ನೋಡಿದಳು. ಅಂಜಲಿ ಕಿಟಕಿ ನೋಡಿದಳು.

ಶೌಚಾಲಯ ಮಾರನೆಯ ವಾರವೇ ಸಾರ್ವಜನಿಕರ ಬಳಕೆಗೆ ಮುಕ್ತವಾಯಿತು. ಮಂಟಪದ ಮುಂದೆ ಒಂದು ಪ್ರಕಟಣೆ ಹಾಕಲಾಯಿತು:

"ಶಿರೋಪಕರಣ ಧರಿಸದವರಿಗೆ ಶೌಚಾಲಯವು ಅಸ್ತಿತ್ವದಲ್ಲಿರುವುದಿಲ್ಲ. ಆದ್ದರಿಂದ ಅಂಥವರು ಶೌಚಾಲಯದ ದಿಕ್ಕಿಗೆ ನೋಡತಕ್ಕದ್ದಲ್ಲ. ನೋಡಿದವರಿಗೆ ದಂಡ ವಿಧಿಸಲಾಗುವುದು."

ಈ ನಿಯಮದ ಪರಿಣಾಮವನ್ನು ಮಂಡಳಿ ಕೂಡ ಊಹಿಸಿರಲಿಲ್ಲ. ಗೈಡುಗಳು, ಆಟೋದವರು, ಸಂಡೂರಿನ ಗಣಿಯಿಂದ ರಜೆಗೆ ಬಂದ ಹುಡುಗರು, ಎಲ್ಲರೂ ಪ್ರಕಟಣೆ ಓದಿ ಬೆನ್ನು ತಿರುಗಿಸಿ ನಿಂತರು. ತಿರುಗದವರ ಕಡೆ ಪಕೀರಮ್ಮ ಹೊಸ ಪೊರಕೆ ಎತ್ತಿ ತೋರಿಸುತ್ತಿದ್ದಳು. "ಏ ಲೇ, ಅತ್ಲಾಗ ನೋಡು. ಕಾನೂನು ಐತಿ!" ಹೆಣ್ಣುಮಕ್ಕಳು ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಹೆಡ್‌ಸೆಟ್ ಕಟ್ಟಿಕೊಂಡು, ಜಾಲಿಗಿಡದ ಹಿಂದೆ ಹೋಗಿ ಬಂದರು.

"ಗ್ವಾಡಿ ಇಲ್ಲ, ಖರೆ" ಎಂದಳು ಪಕೀರಮ್ಮ ಅಂಜಲಿಗೆ. "ಆದ್ರ ಗಂಡಸ್ರು ಮಾರಿ ತಿರುವಿ ನಿಂದ್ರತಾರವ್ವ. ಮೊದ್ಲು ಅಷ್ಟೂ ಇರ್ಲಿಲ್ಲ." ಹೀಗೆಂದು ಅವಳು ಬಾಟಲಿ ಎತ್ತಿ ಗಟಗಟನೆ ನೀರು ಕುಡಿದಳು.

ಇದನ್ನು ಅಂಜಲಿಗೆ ಸಹಿಸಲಾಗಲಿಲ್ಲ. ಹೆಣ್ಣುಮಕ್ಕಳು ದೂರಿದ್ದರೆ ಸಹಿಸುತ್ತಿದ್ದಳು, ಬೈದಿದ್ದರೂ ಸಹಿಸುತ್ತಿದ್ದಳು. ಆ ಸಮಾಧಾನ ಅವಳನ್ನು ಚುಚ್ಚಿತು. ಒಂದು ಸೋಮವಾರ ಯಾರಿಗೂ ಹೇಳದೆ, ತಾನೇ ಕಟ್ಟಿದ ಶೌಚಾಲಯದ ಬಾಗಿಲಿಗೆ ಹೆಡ್‌ಸೆಟ್ಟಿನೊಳಗೆ ಒಂದು ದೊಡ್ಡ ಬೀಗ ಹಾಕಿದಳು. ನಿರ್ದೇಶಕ ಸಾಹೇಬರು ಒಮ್ಮೆ ಆ ಬೀಗದ ಮುಂದೆ ನಿಲ್ಲಬೇಕು, ನಿಂತು ಹೆಡ್‌ಸೆಟ್ ಕಳಚಬೇಕು, ಕಳಚಿದಾಗ ಅಲ್ಲಿ ಏನೂ ಇಲ್ಲದ್ದು ಕಾಣಬೇಕು. ಆಗಲಾದರೂ ಇಟ್ಟಿಗೆ ಬರುತ್ತದೆ.

ತಿಪ್ಪೇಶ್ ಅವರು ಅದೇ ವಾರ ಅತಿಥಿಗಳನ್ನು ಕರೆದುಕೊಂಡು ಮಂಟಪಕ್ಕೆ ಬಂದರು. ಮಹಿಳೆಯರ ಸರದಿ ಇಲ್ಲದ್ದನ್ನು ನೋಡಿ, ತಪಾಸಣೆಯೆಂದು ಹೇಳಿ, ಹೆಡ್‌ಸೆಟ್ ಕಟ್ಟಿಕೊಂಡು ಬಾಗಿಲವರೆಗೆ ಹೋದರು. ಬೀಗ ಕಂಡಿತು. ಕೈಯಿಂದ ಎಳೆದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತರು.

"ಹೆಡ್‌ಸೆಟ್ ತೆಗೀರಿ ಸರ್" ಎಂದಳು ಅಂಜಲಿ. "ತೆಗೆದು ನೋಡ್ರಿ."

ತಿಪ್ಪೇಶ್ ತೆಗೆದರು. ಎದುರಿಗೆ ಜಾಲಿಗಿಡ, ಬಯಲು, ಆಚೆ ಹೊಳೆ. ತಡೆಯುವಂಥದ್ದು ಏನೂ ಇರಲಿಲ್ಲ. ಒಂದು ಕ್ಷಣ ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. ಅಂಜಲಿ ಒಂದು ಹೆಜ್ಜೆ ಮುಂದೆ ಬಂದಳು.

ಅವರು ಪ್ರಕಟಣೆಯ ಕಡೆ ನೋಡಿದರು. ತಾವು ಈಗ ಶಿರೋಪಕರಣ ಧರಿಸದವರ ವರ್ಗಕ್ಕೆ ಸೇರಿದ್ದೇವೆಂದು ಅರಿವಾಗಿ, ಕೂಡಲೇ ಬೆನ್ನು ತಿರುಗಿಸಿದರು. "ಬೀಗ ಹಾಕಿದ್ದ ಚಲೋ ಆತು. ಇಲ್ಲಂದ್ರ ಮಂದಿ ಗಲೀಜು ಮಾಡಿಬಿಡ್ತಾರ" ಎಂದು, ಮೊಣಕಾಲು ಜೋಡಿಸಿಕೊಂಡು ಜೀಪಿನಲ್ಲಿ ಕೂತು, ಹೊಸಪೇಟೆಯವರೆಗೆ ಜಲ್ದಿ ಹೊಡೆಸಿದರು.

ಮರುದಿನ ಆದೇಶ ಬಂತು. ಶೌಚಾಲಯದ ಕೀಲಿಕೈಯನ್ನು ಮೇಲ್ವಿಚಾರಕಿ ಪಕೀರಮ್ಮ ಇವರ ಸುಪರ್ದಿಗೆ ಒಪ್ಪಿಸಲಾಗಿದೆ. ಕೀಲಿಕೈ ಎಲ್ಲಿದೆ ಎಂದು ಪಕೀರಮ್ಮ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿ, ಅಂಗೈ ಮುಂದೆ ಹಿಡಿದಳು. ಕೊಟ್ರಯ್ಯನವರು ಮೇಜಿನ ಡ್ರಾಯರ್ ಎಳೆದು, ಎರಡು ಬೆರಳಿನಲ್ಲಿ ಕೀಲಿಕೈ ಹಿಡಿದಂತೆ ಮಾಡಿ, ಅವಳ ಅಂಗೈಗೆ ಇಟ್ಟರು. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಅಂದಿನಿಂದ ವ್ಯವಸ್ಥೆ ಸುಸೂತ್ರವಾಗಿ ನಡೆದಿದೆ. ಹೆಣ್ಣುಮಕ್ಕಳು ಬಂದು ಕೇಳುತ್ತಾರೆ, ಪಕೀರಮ್ಮ ಗಂಟು ಬಿಚ್ಚಿ ಕೊಡುತ್ತಾಳೆ. ಬೀಗ ತೆರೆಯುವ ಶಬ್ದ ಕೇಳಿಸುತ್ತದೆಂದು ಕೆಲವರು ಹೇಳುತ್ತಾರೆ. ಪಾಳಿಯಲ್ಲಿ ಮುಂದೆ ನುಗ್ಗುವವರು, ಜಂಬ ತೋರಿಸುವವರು ಬಂದರೆ ಮಾತ್ರ "ಕೀಲಿಕೈ ಕಳೆದೈತ್ರಿ, ನಾಳೆ ಬರ್ರಿ" ಎಂದು ಕಳಿಸಿಬಿಡುತ್ತಾಳೆ. ಅವರು ಜಾಲಿಗಿಡದ ಪಕ್ಕದಿಂದಲೇ ಹಾದು, ಗೊಣಗುತ್ತ ವಾಪಸು ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ಅಂಜಲಿಗೂ ತಡೆಯಲಾಗಲಿಲ್ಲ. ಸುತ್ತ ಯಾರೂ ಇರಲಿಲ್ಲ, ಹೆಡ್‌ಸೆಟ್ ಚಾರ್ಜಿಗೆ ಹಾಕಿತ್ತು. ಗಿಡದ ಕಡೆ ನಾಲ್ಕು ಹೆಜ್ಜೆ ನಡೆದವಳು ನಿಂತಳು. ಹಿಂದಿರುಗಿ ಬಂದು, "ಅಕ್ಕಾ, ಕೀಲಿಕೈ ಕೊಡ್ರಿ" ಎಂದು ಅಂಗೈ ಚಾಚಿದಳು.

ಪಕೀರಮ್ಮ ಸೆರಗಿನ ಗಂಟು ಬಿಚ್ಚಿ ಅವಳ ಅಂಗೈ ಮೇಲಿಟ್ಟಳು. ಕೆಳಗೆ ಬೀಳದಂತೆ ಅಂಜಲಿ ಮುಷ್ಟಿ ಬಿಗಿಹಿಡಿದಳು.

"ಮರೀದ ವಾಪಸ್ ತಂದ್ಕೊಡವ್ವ" ಎಂದಳು ಪಕೀರಮ್ಮ, "ಇರೋದು ಒಂದ."