ಇಲ್ಲದ ಹೆಲಿಕಾಪ್ಟರಿನ ಮುರಿದ ರೆಕ್ಕೆ

ಪ್ರಿನ್ಸಿಪಾಲ್ ಗುರುಪ್ರಸಾದರು ಅದೊಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಕಪಿಲನ ಹೆಲಿಕಾಪ್ಟರು ಅವತ್ತು ಸುಖವಾಗಿ ಹಾರುತ್ತಿತ್ತು.

"ಎಲ್ಲಾ ಛಲೋ ಅದ. ಆದ್ರ ಒಳಗ ಯಾರ್ ಕೂತಾರ?"

"ಯಾರೂ ಇಲ್ರಿ ಸರ್. ಇದು ಕಂಪ್ಯೂಟರ್‌ದಾಗ ಹಾರೋದು. ಸಿಮ್ಯುಲೇಟರ್ ರೀ."

"ಅಧ್ಯಕ್ಷರಿಗಿ ಖಾಲಿ ಹೆಲಿಕಾಪ್ಟರ್ ತೋರಸ್ತೀರಿ? ಇಜ್ಜತ್ ಅನ್ನೋದು ಬ್ಯಾಡೇನು?"

ಕಪಿಲ ಕಲಬುರಗಿಯ ಆ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ವರ್ಷಗಟ್ಟಲೆ ಅತಿಥಿಯಾಗಿಯೇ ಇದ್ದ. ಅಷ್ಟು ಕಾಲ ಉಳಿದ ಅತಿಥಿಗೆ ಯಾವ ಮನೆಯವರಾದರೂ ಅಂಗಿ ತೂಗುಹಾಕಿಕೊಳ್ಳಲು ಒಂದು ಗೂಟವನ್ನಾದರೂ ಕೊಡುತ್ತಾರೆ. ಕಾಲೇಜು ಅದನ್ನೂ ಕೊಟ್ಟಿರಲಿಲ್ಲ. ಅವತ್ತು ಅಧ್ಯಕ್ಷರಾದ ನೀಲಕಂಠ ಸಾಹುಕಾರರು ಬಂದು, ಅವನು ಕಟ್ಟಿದ ಸಿಮ್ಯುಲೇಟರ್ ನೋಡಿ ಮೆಚ್ಚಿದರೆ ನೌಕರಿ ಕಾಯಂ ಆಗುವ ಮಾತಿತ್ತು. ಸಾಹುಕಾರರು ಕಮಲಾಪುರದವರು. ಹಾಗಾಗಿ ಅವನ ಹೆಲಿಕಾಪ್ಟರು ಕಾಲೇಜಿನ ಮಾಳಿಗೆಯಿಂದ ಎದ್ದು, ತಾಜಸುಲ್ತಾನಪುರದ ಮೇಲೆ ಹಾಯ್ದು, ಸಾಹುಕಾರರ ಕೆಂಪು ಬಾಳೆಯ ತೋಟದ ಪಕ್ಕದಲ್ಲೇ ಭಕ್ತಿಯಿಂದ ಇಳಿಯುತ್ತಿತ್ತು.

ತಲೆಯ ಮೇಲೆ ತಿರುಗುವ ರೆಕ್ಕೆ ಯಾವ ಯಾವ ತಪ್ಪಿಗೆ ಮುರಿಯುತ್ತದೆ ಎಂದು ಹುಡುಗರಿಗೆ ಕಲಿಸುವುದಕ್ಕೇ ಅವನು ಅದನ್ನು ಕಟ್ಟಿದ್ದ. ಸೀಟಿನಲ್ಲಿ ಕೂತವರ ತೂಕ ತುಂಬಿದರೆ ಯಂತ್ರ ಅದನ್ನು ಖರೆಯೆಂದೇ ನಂಬಿ ಲೆಕ್ಕ ಹಾಕುತ್ತಿತ್ತು. ಕಾಲೇಜಿನಲ್ಲಿ ಹೇಳಿದ್ದನ್ನು ನಂಬುವ ಜೀವ ಅದೊಂದೇ.

ಇನ್ನೂ ಬಾರದ ಅಧ್ಯಕ್ಷರನ್ನೂ ಅವರ ಹೆಂಡತಿ ಶಂಕ್ರಮ್ಮನವರನ್ನೂ ಅಂದಾಜಿನ ತೂಕ ತುಂಬಿ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಪ್ರಿನ್ಸಿಪಾಲರು ಗಂಟಲು ಸರಿಪಡಿಸಿಕೊಂಡರು. "ಅಧ್ಯಕ್ಷರ ಜೋಡಿ ಕಾಲೇಜಿನ ಮುಖ್ಯಸ್ಥ ಇರಬೇಕಲ್ರಿ." ಮುಂದಿನ ಸೀಟು ಅವರಿಗೆ ಹೋಯಿತು. ಅಷ್ಟರಲ್ಲಿ ಮೆಕ್ಯಾನಿಕಲ್ ವಿಭಾಗದ ಜೀನತ್ ಮೇಡಂ ಬಂದರು.

"ನನ್ನ ಹೆಸರೆಲ್ಲದ?"

"ಜಾಗಾ ಇಲ್ರಿ ಮೇಡಂ, ನಾಕೇ ಸೀಟ್ ಅವ. ಒಂದು ಪೈಲಟ್‌ದು."

"ಪೈಲಟ್ ನಿಂತು ಓಡಸ್ಲಿ."

ಕಡೆಗೆ ಮೇಡಂ ಅವರನ್ನು ಸಾಮಾನಿಡುವ ಜಾಗದಲ್ಲಿ ಹಾಕಬೇಕಾಯಿತು. ಕಚೇರಿ ಅಧೀಕ್ಷಕ ಸೂಗಪ್ಪನವರು ಅಲ್ಲೇ ಮೇಡಂ ಪಕ್ಕ ಸರಿದುಕೊಂಡು, "ಸಾಹುಕಾರರ ಮನಿಗಿ ಬರಿಗೈಲೆ ಹ್ವಾದ್ರ ಹ್ಯಾಂಗ? ಒಂದು ಚೀಲ ತೊಗರಿಬ್ಯಾಳಿ ಹಾಕ್ರಿ" ಎಂದರು. ಇಲ್ಲದ ಹೆಲಿಕಾಪ್ಟರಿಗೆ ಇಲ್ಲದ ಬೇಳೆಯ ಚೀಲ ಏರಿತು.

ಕಪಿಲ ಹಾರಿಸಿದ. ಸುಗ್ಗಿಯ ಕಾಲದ ಎತ್ತಿನಂತೆ ಹೆಲಿಕಾಪ್ಟರು ಮೊಣಕಾಲೂರಿ ಎದ್ದಿತು. ತಾಜಸುಲ್ತಾನಪುರದ ಮೇಲೆ ಬಂದಾಗ ಇನ್ನಷ್ಟು ಏರಿಸಲು ಹೋದ. ಪರದೆ ಕೆಂಪಾಯಿತು, ರೆಕ್ಕೆ ಪಟ್ಟನೆ ಮುರಿದು ಎಲ್ಲರೂ ಜೋಳದ ಹೊಲಕ್ಕೆ ಬಿದ್ದರು.

ಬಿದ್ದವರೆಲ್ಲ ಕಪಿಲನ ಕಡೆ ತಿರುಗಿದರು.

"ವಜನ್ ಹೆಚ್ಚಾಗ್ಯದ್ರಿ ಸರ್," ಕಪಿಲ ಹೇಳಿದ. "ಭಾರ ಎತ್ತಲಾರದೆ ರೆಕ್ಕಿ ತಿರುಗೋ ವೇಗ ಇಳೀತದ. ಆ ವೇಗಾನೇ ಅದಕ್ಕ ಕಸುವು. ಅದು ಹ್ವಾದ್ರ ಗಾಳಿಗಿ ಛತ್ರಿ ಮ್ಯಾಲ ಮಗಚಿದಂಗ ಮಗಚಿ ಮುರೀತದ."

"ಅಂದ್ರ ನಾ ದಪ್ಪ ಇದ್ದೀನಿ ಅಂತೀರಿ?" ಎಂದರು ಪ್ರಿನ್ಸಿಪಾಲರು.

"ಹಂಗಲ್ರಿ ಸರ್, ಯಾರರೆ ಒಬ್ರು ಇಳಿದ್ರ..."

"ಮೇಡಂ ಇಳೀಲಿ. ಹ್ಯಾಂಗೂ ಸಾಮಾನ್ದಾಗ ಅದಾರ."

"ನಾ ಯಾಕ್ ಇಳೀಲಿ? ಸೂಗಪ್ಪನವ್ರ ಬ್ಯಾಳಿ ಇಳೀಲಿ!"

"ಬ್ಯಾಳಿ ಸಾಹುಕಾರರಿಗಿ ಅದರೀ," ಎಂದ ಸೂಗಪ್ಪನವರು ಚೀಲವನ್ನು ಬಿಟ್ಟುಕೊಡಲಿಲ್ಲ.

ಯಾರೂ ಇಳಿಯಲಿಲ್ಲ. ಬದಲಿಗೆ ತನಿಖಾ ಸಮಿತಿ ರಚನೆಯಾಯಿತು. ಅಪಘಾತದಲ್ಲಿ ಸತ್ತವರೇ ಕೂತು ಚಹಾ ಕುಡಿಯುತ್ತ ಅಪಘಾತದ ತನಿಖೆ ನಡೆಸಿದ್ದು ವಿಮಾನಯಾನದ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಕಂಪ್ಯೂಟರಿಗೆ ಕಾಯಿ ಒಡೆದಿಲ್ಲ ಎಂದರು ಸೂಗಪ್ಪನವರು. ರೆಕ್ಕೆಯ ಲೋಹವೇ ಕಚ್ಚಾ ಎಂದರು ಮೇಡಂ. ಪೈಲಟ್ ಕಾಯಂ ನೌಕರನಲ್ಲ, ಹಾಗಾಗಿ ಅವನಿಗೆ ಜವಾಬ್ದಾರಿಯ ಅರಿವಿಲ್ಲ ಎಂದು ಪ್ರಿನ್ಸಿಪಾಲರು ತೀರ್ಪು ಕೊಟ್ಟು, ತಪ್ಪು ತಮ್ಮ ಮೇಲೆ ಬಾರದಿರಲೆಂದು ಅಧ್ಯಕ್ಷರಿಗೆ ಫೋನ್ ಹಚ್ಚಿಕೊಂಡು ಹೊರಗೆ ಹೋದರು.

ತಿರುಗಿ ಬಂದಾಗ ಅವರ ಮುಖದಲ್ಲಿ ಗೊಂದಲವಿತ್ತು. "ಸಾಹುಕಾರರು ಇಲ್ಲಿಗಿ ಬರಲ್ಲಂತ. ಎಲ್ಲಾ ಸಾಮಾನ್ ಕಮಲಾಪುರಕ್ಕ ತರ್ರಿ, ಮನಿಯಾಗೇ ನೋಡ್ತೀವಿ ಅಂದ್ರು. ಕಪಿಲ, ರೆಕ್ಕಿ ಮುರಿದ್ರ ನಿಮ್ಮ ಕಾಯಂ ಮಾತು ಮರೀರಿ."

ಕಂಪ್ಯೂಟರು, ಹಿಡಿಕೆ, ಪೆಡಲು ಎಲ್ಲವನ್ನೂ ಕಾಲೇಜಿನ ಜೀಪಿಗೆ ಹೇರಿದರು. ಸಮಿತಿ ಸೀಟುಗಳಲ್ಲಿ ಕೂತಿತು. ಕಪಿಲ ಸಾಮಾನಿನ ಜೊತೆ ಹಿಂದೆ. ಅಲ್ಲಿ ಕೂತೇ ಅವನು ತನ್ನ ವಿದ್ಯೆಗೆ ದ್ರೋಹ ಬಗೆದ. ಲ್ಯಾಪ್‌ಟಾಪ್ ತೆರೆದು, ರೆಕ್ಕೆ ಮುರಿಯುವ ವ್ಯವಸ್ಥೆಯನ್ನೇ ಬಂದ್ ಮಾಡಿದ. ಇನ್ನು ಆನೆಯನ್ನು ಕೂರಿಸಿದರೂ ಅದು ಮುರಿಯುವಂತಿರಲಿಲ್ಲ.

ಸಾಹುಕಾರರ ಪಡಸಾಲೆಯಲ್ಲಿ ಶಂಕ್ರಮ್ಮನವರು ಪರದೆಯ ಎದುರಿಗೇ ಕುರ್ಚಿ ಹಾಕಿಸಿಕೊಂಡರು. ಹೆಲಿಕಾಪ್ಟರು ಎದ್ದಿತು. ತಾಜಸುಲ್ತಾನಪುರ ಬಂದಾಗ ಸಾಹುಕಾರರು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು. ತಾಜಸುಲ್ತಾನಪುರ ದಾಟಿತು.

"ಇನ್ನಾ ಮ್ಯಾಲ ಒಯ್ರಿ," ಎಂದರು ಸಾಹುಕಾರರು. ಒಯ್ದ. "ಜೋರ್ ಮಾಡ್ರಿ." ಮಾಡಿದ. "ಒಮ್ಮಿ ತಳಗಾ-ಮ್ಯಾಲ ಮಾಡ್ರಿ!" ಅಧ್ಯಕ್ಷರು ತನ್ನ ಕೌಶಲ ಪರೀಕ್ಷಿಸುತ್ತಿದ್ದಾರೆಂದು ಉಬ್ಬಿದ ಕಪಿಲ, ಬೇಳೆಯ ಚೀಲದ ಸಮೇತ ಎಲ್ಲರನ್ನೂ ತಲೆಕೆಳಗು ಮಾಡಿ, ಬಾಳೆತೋಟದ ಬದಿಗೆ ಹೂವಿನಂತೆ ಇಳಿಸಿದ.

ಶಂಕ್ರಮ್ಮನವರು ಚಪ್ಪಾಳೆ ತಟ್ಟಿದರು. "ಖರೇ ಶಾಣ್ಯಾ ಇದ್ದೀಯಪ್ಪ! ಒಂದೀಟು ಅಲುಗಾಡ್ಲಿಲ್ಲ ನೋಡು!"

ಸಾಹುಕಾರರು ಚಪ್ಪಾಳೆ ತಟ್ಟಲಿಲ್ಲ. ಕಪಿಲನ ರಟ್ಟೆ ಹಿಡಿದು ದನದ ಕೊಟ್ಟಿಗೆಯ ಕಡೆಗೆ ಎಳೆದೊಯ್ದರು.

"ಏನ್ ಮಾಡಿದ್ರಿ ಮಾಸ್ತರ? ಮಗನ ಲಗ್ನಕ್ಕ ಸೊಸಿನ್ನ ಹೆಲಿಕಾಪ್ಟರ್‌ದಾಗೇ ತರಬೇಕಂತ ನಮ್ಮಾಕಿ ಹಟ ಹಿಡದಾಳ. ಬ್ಯಾಡಂದ್ರ ಮಾತು ಬಿಡ್ತಾಳ. ರೆಕ್ಕಿ ಮುರಿಲಾಕತ್ತದ ಅಂತ ಪ್ರಿನ್ಸಿಪಾಲ್ರು ಹೇಳಿದ್ಕೇ ಇಲ್ಲಿ ತರ್ರಿ ಅಂದೆ. ಕಣ್ಣಾರೆ ಕಂಡು ಅಂಜಲಿ ಅಂತ. ನೀವ್ ನೋಡಿದ್ರ ಸರ್ಕಸ್ ಮಾಡಿ ತೋರಿಸಿದ್ರಿ!"

ಕಪಿಲ ಓಡಿ ಬಂದ. ಮುರಿಯುವ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿ, "ಅಮ್ಮಾರ, ಮೊದಲ್ ತೋರಿಸಿದ್ದು ಸುಳ್ರಿ, ಖರೇದು ಈಗ ನೋಡ್ರಿ" ಎಂದು ಹಾರಿಸಿದ. ತಾಜಸುಲ್ತಾನಪುರದ ಮೇಲೆ ರೆಕ್ಕೆ ಶಾಸ್ತ್ರೋಕ್ತವಾಗಿ ಮುರಿಯಿತು. ಸಾಹುಕಾರರು ಅಯ್ಯಯ್ಯೋ ಎಂದು ಎದೆ ಹಿಡಿದುಕೊಂಡರು.

ಶಂಕ್ರಮ್ಮನವರು ಗಂಡನನ್ನು ನೋಡಿದರು, ಕಪಿಲನನ್ನು ನೋಡಿದರು, ಕೊಟ್ಟಿಗೆಯನ್ನು ನೋಡಿದರು.

"ಕೊಟ್ಟಿಗ್ಯಾಗ ಇವ್ರು ಏನ್ ಕಲಿಸಿ ಕಳಸ್ಯಾರ ಅಂಬೋದು ತಿಳಿಯಲ್ಲೇನು ನನಗ? ತಲಿಕೆಳಗ ಮಾಡಿದ್ರೂ ಮುರೀದಿದ್ದು, ನೆಟ್ಟಗ ಹ್ವಾದ್ರ ಮುರೀತದಂತ! ಲಗ್ನಕ್ಕ ಹೆಲಿಕಾಪ್ಟರ್ ಪಕ್ಕಾ. ನಿನಗ ಅಷ್ಟು ಅಂಜಿಕಿ ಇದ್ರ ಒಂದ್ ಕೆಲಸ ಮಾಡು ತಮ್ಮಾ. ಸೊಸಿ ಏರೋಕ್ಕಿಂತ ಮುಂಚೆ ನೀನೇ ಒಂದ್ ಸುತ್ತು ಕೂತು ಬಾ. ನೀ ಸುಖರೂಪ ಬಂದ್ರ ಆಕಿ ಏರ್ತಾಳ."

ಕಪಿಲ ಸಮಿತಿಯ ಕಡೆ ತಿರುಗಿದ. ಸಮಿತಿ ಬಾಳೆಹಣ್ಣು ಸುಲಿಯುವುದರಲ್ಲಿ ಮಗ್ನವಾಗಿತ್ತು.

"ಸರ್," ಅವನು ಸಾಹುಕಾರರಿಗೆ ಮೆಲ್ಲಗೆ ಹೇಳಿದ, "ನನ್ನ ನೌಕರಿ ಕಾಯಂ ಮಾಡೋ ಮಾತು..."

ಸಾಹುಕಾರರು ದೀರ್ಘ ನಿಟ್ಟುಸಿರು ಬಿಟ್ಟರು.

"ಲಗ್ನ ಆಗ್ಲಿ ಮಾಸ್ತರ. ಮೊದಲ್ ನೀವ್ ಆ ಹೆಲಿಕಾಪ್ಟರ್‌ದಾಗಿಂದ ಸುಖರೂಪ ಕೆಳಗ ಇಳೀರಿ, ಆಮ್ಯಾಲ ನೋಡಮು."